ಉಳಿದದ್ದು ಯಾರ ತಟ್ಟೆಗೆ

ಹೋಟೆಲಿನಲ್ಲಿ ಉಳಿದ ಊಟವನ್ನು ಕಟ್ಟಿಸಿಕೊಳ್ಳುವಾಗ ನಮ್ಮೂರಿನ ಎಷ್ಟೋ ಮಂದಿ ನಾಯಿಯ ಹೆಸರು ಹೇಳುತ್ತಾರೆ. ಮೇಜಿನ ಮೇಲೆ ಅರ್ಧ ಪ್ಲೇಟು ಚಿಕನ್ ಸುಕ್ಕ, ಮೂರು ನಾಲ್ಕು ನೀರುದೋಸೆ ಹಾಗೆಯೇ ಇರುತ್ತದೆ. ಸಪ್ಲೈಯರ್ ಹುಡುಗ ಬಿಲ್ಲು ತಂದಿಟ್ಟಾಗ ಮನೆಯ ಹಿರಿಯರು ದನಿ ತಗ್ಗಿಸಿ, "ಇದೊಂದು ಕಟ್ಟಿಕೊಡು ಮಾರಾಯ, ನಾಯಿಗೆ" ಎನ್ನುತ್ತಾರೆ. ನಾಯಿಯೇ ಇಲ್ಲದ ಮನೆಯವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ತಾನು ದುಡಿದ ದುಡ್ಡಿನಲ್ಲಿ ತರಿಸಿದ ಅನ್ನವನ್ನು ರಾತ್ರಿ ತಾನೇ ಉಣ್ಣುತ್ತೇನೆ ಎಂದು ಹೇಳಲಿಕ್ಕೆ ಮನುಷ್ಯನಿಗೆ ಯಾಕಿಷ್ಟು ಕಷ್ಟ? ಜಿಪುಣರೆಂದು ತಿಳಿದಾರು ಎಂಬ ಅಂಜಿಕೆ ಅದರಲ್ಲಿ ಸ್ವಲ್ಪ ಉಂಟು. ಆದರೆ ಅಷ್ಟಕ್ಕೇ ಯಾರೂ ಸುಳ್ಳು ಹೇಳುವುದಿಲ್ಲ. ಅದರ ಅಡಿಯಲ್ಲಿ ಎಂಜಲಿನ ಭಯ ಉಂಟು, ಆ ಭಯಕ್ಕೆ ನಮ್ಮ ತುಳುನಾಡಿನಲ್ಲಿ ದೊಡ್ಡದೊಂದು ಚರಿತ್ರೆಯೂ ಉಂಟು.

ನನ್ನ ಮನೆ ಬೋಳಾರದಲ್ಲಿ, ಮುಳಿಹಿತ್ಲಿನ ಕಡೆ. ಮಂಗಳಾದೇವಿ ದೇವಸ್ಥಾನ, ಹಳೆಕೋಟೆ ಮಾರಿಯಮ್ಮನ ಗುಡಿ, ರೊಜಾರಿಯೊ ಇಗರ್ಜಿ ಮೂರೂ ನಡೆದು ಹೋಗುವಷ್ಟು ಹತ್ತಿರ. ಹಿಂದೆ ನೇತ್ರಾವತಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೊಳೆಯ ದಡ ಉದ್ದಕ್ಕೂ ಆವೆಮಣ್ಣು, ಗೂಡು, ಹೊಗೆಕೊಳವೆಗಳ ಊರಾಯಿತು. ಅಂಥ ಒಂದು ಕಾರ್ಖಾನೆಯಲ್ಲಿ ನನ್ನ ಅಮ್ಮ ಹಂಚು ಹೊತ್ತಳು. ಆ ಸಂಬಳದಲ್ಲಿ ನಾನು ಓದಿದೆ, ಕನ್ನಡ ಟೀಚರಾದೆ, ಈಗ ನಿವೃತ್ತಿಯೂ ಆಗಿದೆ.

ಅಮ್ಮ ತಂಗಳು ಉಂಡು ಬೆಳೆದವಳು, ನಮ್ಮನ್ನು ತಂಗಳು ಉಣಿಸಿ ಬೆಳೆಸಿದವಳು. ಬೆಳಗ್ಗೆ ನಿನ್ನೆಯ ಕುಚ್ಚಲಕ್ಕಿ ಗಂಜಿ, ಅದಕ್ಕೆ ನಿನ್ನೆಯ ಮೀನು. ಬಂಗುಡೆ ಪುಳಿಮುಂಚಿ ಮಾಡಿದ ದಿನಕ್ಕಿಂತ ಮರುದಿನವೇ ರುಚಿ ಎಂದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಹುಳಿ, ಖಾರ ರಾತ್ರಿಯಿಡೀ ಮೀನಿನೊಳಕ್ಕೆ ಇಳಿದಿರುತ್ತದೆ. ಹಾಗಾಗಿ ಉಳಿದ ಅನ್ನದ ಬಗ್ಗೆ ಅಮ್ಮನಿಗೆ ಹೇಸಿಗೆ ಇತ್ತೆಂದು ಯಾರೂ ಹೇಳಲಾರರು. ಆದರೂ ನನ್ನ ಮಗಳಿಗೆ ಕೆಲಸ ಸಿಕ್ಕಿದ ಖುಷಿಗೆ ನಾವೆಲ್ಲ ಊಟಕ್ಕೆ ಹೋದಾಗ ಹೀಗಾಯಿತು. ಕೋರಿ ರೊಟ್ಟಿ, ಅಂಜಲ್ ತವಾ ಫ್ರೈ, ಘೀ ರೋಸ್ಟ್ ಎಲ್ಲ ಹೆಚ್ಚಾಗಿ ಉಳಿದಿತ್ತು. ಮಗಳು ದನಿ ತಗ್ಗಿಸದೆ, "ಅಣ್ಣ, ಇದೆಲ್ಲ ಪಾರ್ಸೆಲ್ ಮಾಡಿ, ರಾತ್ರಿಗೆ ನಮಗೆ ಆಗ್ತದೆ" ಅಂದಳು. ಅಮ್ಮ ಎದ್ದು ನಿಂತಳು. "ಬೊಡ್ಚಿ" ಅಂದಳು. "ಹೋಟೆಲಿನಲ್ಲಿ ಮಿಕ್ಕಿದ್ದನ್ನು ನನ್ನ ಮನೆಯೊಳಗೆ ತರಬೇಡಿ." ಅವಳ ಮುಖ ನೋಡಿ ಮಗಳು ಮರುಮಾತಾಡಲಿಲ್ಲ. ಕಟ್ಟಿದ ಪೊಟ್ಟಣ ಆ ದಿನ ಹೋಟೆಲಿನ ಮೇಜಿನಲ್ಲೇ ಉಳಿಯಿತು.

ಕಾರಣ ಅವಳ ಬಾಯಿಂದ ಬಂದದ್ದು ಸ್ವಲ್ಪ ಸ್ವಲ್ಪವಾಗಿ, ಸಂಜೆ ಮಲ್ಲಿಗೆ ಕಟ್ಟುವ ಹೊತ್ತಿನಲ್ಲಿ. ಅವಳ ತವರು ಹೊಳೆಯಾಚೆ. ಒಕ್ಕಲು ಮನೆ. ಧಣಿಗಳ ಮನೆಯಲ್ಲಿ ಮದುವೆಯಾದರೆ ಒಕ್ಕಲಿನವರೆಲ್ಲ ಹೋಗಿ ತೆಂಗಿನಕಾಯಿ ತುರಿಯಬೇಕು, ಅರೆಯಬೇಕು, ಪಾತ್ರೆ ಬೆಳಗಬೇಕು. ಪಂಕ್ತಿಯ ಮೇಲೆ ಪಂಕ್ತಿ ಎದ್ದು, ಕೊನೆಗೆ ಅಂಗಳದ ಹೊರಗೆ ಇವರಿಗೆ ಊಟ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅಡಿಕೆ ಹಾಳೆಯಲ್ಲಿ ಕಟ್ಟಿಕೊಡುತ್ತಿದ್ದರು. ಅದು ಅಮ್ಮನಿಗೆ ಅವಮಾನವೆಂದು ಕಂಡಿರಲಿಲ್ಲ. ಅವಳು ಮರೆಯಲಾಗದ್ದು ಬೇಲಿಯಾಚೆಗಿನದು. ಉಂಡ ಎಲೆಗಳನ್ನು ಬಿಸಾಡುವ ಗುಂಡಿಯ ಹತ್ತಿರ ಕೊರಗರ ಕುಟುಂಬಗಳು ತಾವೇ ಹೆಣೆದ ಬುಟ್ಟಿಗಳನ್ನು ಹಿಡಿದು ಕಾಯುತ್ತಿದ್ದವು. ಎಲೆ ಬಿದ್ದ ಹಾಗೆ ಅನ್ನ, ಪಲ್ಯ, ಪಾಯಸ ಎಲ್ಲವನ್ನೂ ಒಂದೇ ಬುಟ್ಟಿಗೆ ಬಳಿದು ತುಂಬಿಸಿಕೊಳ್ಳುತ್ತಿದ್ದರು. ಎಲೆ ಹೊತ್ತು ಬಿಸಾಡುವ ಕೆಲಸ ಮಕ್ಕಳದ್ದು, ಎಂದರೆ ಅಮ್ಮನದ್ದು. "ಅಲ್ಲಿ ನನ್ನಷ್ಟೇ ಪ್ರಾಯದ ಒಂದು ಹುಡುಗಿ ಇದ್ದಳು" ಅಂದಳು ಅಮ್ಮ. "ನಾನು ಬಿಸಾಡುವುದು, ಅವಳು ಹೆಕ್ಕುವುದು. ಅವಳು ನನ್ನನ್ನೇ ನೋಡುತ್ತಿದ್ದಳು."

ಇದು ಒಂದು ಊರಿನ, ಒಬ್ಬ ಧಣಿಯ ಕತೆಯಲ್ಲ. ಮದುವೆಗೂ ಕಂಬಳಕ್ಕೂ ಡೋಲು ಬಡಿಯುವವರು ಕೊರಗರು, ಊಟದ ಹೊತ್ತಿಗೆ ಅವರಿಗೆ ಸಿಗುತ್ತಿದ್ದದ್ದು ಉಳಿದವರ ಎಲೆ. ಅಷ್ಟರಲ್ಲೇ ಮುಗಿಯಲಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ, ತಮ್ಮ ರೋಗವೂ ಕೇಡೂ ಅವರ ಮೈಗೆ ಹೋಗಲಿ ಎಂದು ನಂಬಿದವರ ನಾಡು ಇದು. ಅದಕ್ಕೆ ಅಜಲು ಎಂದು ಹೆಸರು. ಅದನ್ನು ತಡೆಯಲಿಕ್ಕೆಂದೇ ಕರ್ನಾಟಕದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾನೂನು ಬಂದದ್ದು 2000ನೇ ಇಸವಿಯಲ್ಲಿ. ನನ್ನ ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಅಷ್ಟು ಈಚಿನ ಮಾತು. ಇಷ್ಟು ಗೊತ್ತಿದ್ದವರು ಉಳಿದ ಊಟದ ಪ್ರಶ್ನೆಯನ್ನು ಬರೀ ಶಿಷ್ಟಾಚಾರದ ಪ್ರಶ್ನೆ ಎಂದು ಬಿಡಲಾರರು.

ಎಂಜಲಿನ ವಿಷಯದಲ್ಲಿ ನಮ್ಮವರು ಶುದ್ಧ, ಅಶುದ್ಧ ಎಂದು ವಾದಿಸುತ್ತಾ ಬಂದಿದ್ದಾರೆ. ನನಗೆ ಮುಖ್ಯವೆನಿಸುವುದು ಅದು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದು ಎಷ್ಟೋ ಮನೆಗಳಲ್ಲಿ ಪತಿಭಕ್ತಿ ಎನಿಸಿಕೊಂಡಿತ್ತು. ಹೆಂಡತಿಯ ಎಲೆಯಲ್ಲಿ ಗಂಡ ಉಂಡದ್ದನ್ನು ಯಾರೂ ಭಕ್ತಿ ಎನ್ನಲಿಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಹೊತ್ತಿಗೆ ಭಕ್ತರು ಉರುಳಿದ್ದು ಬ್ರಾಹ್ಮಣರು ಉಂಡ ಎಲೆಗಳ ಮೇಲೆ, ಅದಕ್ಕೆ ಮಡೆಸ್ನಾನ ಎಂದು ಹೆಸರು. ಮೈಮೇಲಿನ ರೋಗ ವಾಸಿಯಾದೀತೆಂದು ನಂಬಿ ಉರುಳಿದವರ ಸಂಕಟವನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಇನ್ನೊಬ್ಬರು ಉಂಡ ಎಲೆಗೆ ಆ ಶಕ್ತಿ ಯಾಕಿರಲಿಲ್ಲ ಎಂದು ಕೇಳದೆ ಇರಲೂ ಆಗುವುದಿಲ್ಲ. ಉಡುಪಿಯ ಕೃಷ್ಣಮಠ 2018ರಲ್ಲಿ ಮಡೆಸ್ನಾನ, ಉಂಡ ಎಲೆಯ ಬದಲು ದೇವರ ನೈವೇದ್ಯದ ಎಲೆಯ ಮೇಲೆ ಉರುಳುವ ಎಡೆಸ್ನಾನ ಎರಡನ್ನೂ ಕೈಬಿಟ್ಟಿತು. ಮಡೆಸ್ನಾನವನ್ನು ನಿಷೇಧಿಸಿದ 2017ರ ರಾಜ್ಯ ಕಾನೂನು 2020ರಲ್ಲಿ ಜಾರಿಗೆ ಬಂತು. ಎಲ್ಲ ಕಡೆಯೂ ಎಂಜಲು ಮೇಲಿನವರಿಂದ ಕೆಳಗಿನವರಿಗೆ ಹೋಗಿದೆ, ಹೋಗುವಾಗ ನೀನು ಕೆಳಗಿನವನು ಎಂದು ಹೇಳುತ್ತಲೇ ಹೋಗಿದೆ.

ತಿರುಗಿ ಹೋದದ್ದೂ ಉಂಟು. ಮಗು ಅರ್ಧ ತಿಂದು ಬಿಟ್ಟ ಅನ್ನವನ್ನು ತಾಯಿ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅತಿ ಮಡಿಯ ಮನೆಯಲ್ಲೂ ಅದಕ್ಕೆ ಯಾರೂ ತಕರಾರು ಮಾಡಿದ್ದಿಲ್ಲ. ಬೇಡರ ಕಣ್ಣಪ್ಪ ತಾನು ಕಚ್ಚಿ ರುಚಿ ನೋಡಿದ ಮಾಂಸವನ್ನು ಶಿವನಿಗೆ ಕೊಟ್ಟ, ಬಾಯಲ್ಲಿ ತುಂಬಿಕೊಂಡು ಬಂದ ನೀರಿನಿಂದ ಅಭಿಷೇಕ ಮಾಡಿದ. ಹರಿಹರ ಅವನ ಮೇಲೆ ರಗಳೆಯನ್ನೇ ಬರೆದ. 1954ರಲ್ಲಿ ಆ ಕತೆ ಸಿನಿಮಾ ಆಗಿ ರಾಜ್‌ಕುಮಾರರನ್ನು ಮನೆಮನೆಗೂ ತಂದಿತು. ಶಬರಿ ಕಚ್ಚಿ ನೋಡಿ ಕೊಟ್ಟ ಹಣ್ಣನ್ನು ರಾಮ ತಿಂದದ್ದು ವಾಲ್ಮೀಕಿಯಲ್ಲಿ ಇಲ್ಲ. ಜನರಿಗೆ ಅದು ಬೇಕಿತ್ತು, ಆದ್ದರಿಂದ ಅವರ ಬಾಯಲ್ಲಿ ಅದು ಹುಟ್ಟಿ ಬೆಳೆಯಿತು. ದೇವರು ಭಕ್ತನ ಎಂಜಲು ತಿನ್ನಬೇಕು ಎಂಬ ಆಸೆ ಸಣ್ಣ ಆಸೆಯಲ್ಲ. ಕಲ್ಯಾಣದ ಶರಣರು ಒಕ್ಕುಮಿಕ್ಕ ಪ್ರಸಾದವೆಂದು ಜಾತಿ ಕೇಳದೆ ಒಬ್ಬರ ಮನೆಯಲ್ಲೊಬ್ಬರು ಉಂಡದ್ದರ ಹಿಂದೆಯೂ ನನಗೆ ಅದೇ ಆಸೆ ಕಾಣುತ್ತದೆ.

ಶಾಸ್ತ್ರದಲ್ಲಿ ಉಳಿದದ್ದಕ್ಕೆ ಇರುವ ಗೌರವವನ್ನು ನಾವು ಮರೆತಿದ್ದೇವೆ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಉಚ್ಛಿಷ್ಟವನ್ನೇ ಸ್ತುತಿಸುವ ಸೂಕ್ತ ಉಂಟು. ಯಜ್ಞದಲ್ಲಿ ಉಳಿದದ್ದರಲ್ಲಿ ಲೋಕವೆಲ್ಲ ನಿಂತಿದೆ ಎನ್ನುತ್ತದೆ ಅದು. ಯಜ್ಞಶೇಷವನ್ನು ಉಣ್ಣುವವರು ಪಾಪದಿಂದ ಬಿಡುಗಡೆ ಹೊಂದುತ್ತಾರೆ, ತಮಗಾಗಿಯೇ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಎಂದು ಗೀತೆಯ ಮೂರನೆಯ ಅಧ್ಯಾಯ. ನಮ್ಮ ಮನೆಯಲ್ಲೂ ಗತಿಸಿದ ಹಿರಿಯರಿಗೆ ಎಲೆಯಲ್ಲಿ ಅಗೇಲು ಬಡಿಸಿ, ಬಾಗಿಲು ಎಳೆದುಕೊಂಡು, ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅವರು ಉಂಡು ಹೋದರೆಂದು ತಿಳಿದು ಬಾಗಿಲು ತೆರೆದ ಮೇಲೆ ಆ ಅನ್ನವನ್ನೇ ನಾವು ಹಂಚಿಕೊಂಡು ಉಣ್ಣುತ್ತೇವೆ. ನನ್ನ ಅಜ್ಜ ಮುಟ್ಟಿದ್ದೆಂದು ಮಕ್ಕಳು ಆ ಎಲೆಯ ತುತ್ತಿಗೆ ಜಗಳಾಡುತ್ತಾರೆ. ಪ್ರಸಾದವೂ ಹಾಗೆಯೇ ಎನ್ನೋಣವೆಂದರೆ, ಅದೂ ಎಲ್ಲರಿಗೆ ಒಂದೇ ಬಾಗಿಲಲ್ಲಿ ಸಿಕ್ಕಿದ್ದಲ್ಲ. ಗುಡಿಯ ಒಳಗೆ ಬಿಡದವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಬೇಕಾಯಿತು.

ಇಷ್ಟೆಲ್ಲ ಯೋಚನೆಯಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟದ್ದು ಛಾಂದೋಗ್ಯ ಉಪನಿಷತ್ತಿನ ಮೊದಲನೆಯ ಅಧ್ಯಾಯದ ಒಂದು ಪುಟ್ಟ ಕತೆ. ಕುರುದೇಶದ ಬೆಳೆ ಹಾಳಾಗಿದೆ. ಆಲಿಕಲ್ಲಿನಿಂದ ಎನ್ನುವವರೂ ಉಂಟು, ಮಿಡತೆಯಿಂದ ಎನ್ನುವವರೂ ಉಂಟು. ಉಷಸ್ತಿ ಚಾಕ್ರಾಯಣ ಎಂಬ ಬಡ ವಿದ್ವಾಂಸ ಹೆಂಡತಿ ಆಟಿಕಿಯ ಜೊತೆ ಊರೂರು ಅಲೆದು ಆನೆ ಸಾಕುವವರ ಹಳ್ಳಿಗೆ ಬರುತ್ತಾನೆ. ಅಲ್ಲಿ ಒಬ್ಬ ಮಾವುತ ಬೇಯಿಸಿದ ಕಾಳು ತಿನ್ನುತ್ತಾ ಕೂತಿದ್ದಾನೆ. ಹುರುಳಿ ಎಂದೇ ಇಟ್ಟುಕೊಳ್ಳೋಣ. ನನಗೂ ಕೊಡು ಎಂದು ಉಷಸ್ತಿ ಕೇಳುತ್ತಾನೆ. ನನ್ನ ಮುಂದೆ ಇರುವ ಇದನ್ನು ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾನೆ ಮಾವುತ. ಅದರಲ್ಲೇ ಕೊಡು ಎಂದು ತೆಗೆದುಕೊಂಡು ಉಷಸ್ತಿ ತಿನ್ನುತ್ತಾನೆ. ಮಾವುತ ಕುಡಿಯಲು ನೀರನ್ನೂ ಮುಂದೆ ಮಾಡಿದಾಗ, ಬೇಡ, ಎಂಜಲು ಕುಡಿದ ಹಾಗಾಗುತ್ತದೆ ಎನ್ನುತ್ತಾನೆ. ಹಾಗಾದರೆ ಕಾಳು ಎಂಜಲಲ್ಲವೇ? ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೆ ಬೇಕಾದಲ್ಲಿ ಸಿಗುತ್ತದೆ ಎಂಬುದು ಉಷಸ್ತಿಯ ಉತ್ತರ.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ತಾನು ತಿಂದು ಉಳಿದ ಕಾಳನ್ನು ಉಷಸ್ತಿ ಕಟ್ಟಿಕೊಂಡು ಹೆಂಡತಿಗೆ ತರುತ್ತಾನೆ. ಅಷ್ಟರಲ್ಲಿ ಅವಳಿಗೆ ಬೇರೆ ಕಡೆ ಭಿಕ್ಷೆ ಸಿಕ್ಕಿ ಹೊಟ್ಟೆ ತುಂಬಿದೆ. ಅವಳು ಅದನ್ನು ಬಿಸಾಡದೆ ತೆಗೆದಿಡುತ್ತಾಳೆ. ಬೆಳಗ್ಗೆ ಎದ್ದು, ಹೊಟ್ಟೆಗೆ ಏನಾದರೂ ಬಿದ್ದರೆ ರಾಜನ ಯಜ್ಞಕ್ಕೆ ಹೋಗಿ ನಾಲ್ಕು ಕಾಸು ತರಬಹುದಿತ್ತು ಎಂದು ಅವನು ಹೇಳಿದಾಗ, ನಿನ್ನೆಯ ಕಾಳು ಉಂಟಲ್ಲ ಎಂದು ಅವಳು ಮುಂದಿಡುತ್ತಾಳೆ. ಮಾವುತನಿಗೆ ಮಿಕ್ಕಿ, ಗಂಡನಿಗೆ ಮಿಕ್ಕಿ, ರಾತ್ರಿ ಕಳೆದ ಆ ತಂಗಳನ್ನು ತಿಂದು ಉಷಸ್ತಿ ಯಜ್ಞಶಾಲೆಗೆ ನಡೆಯುತ್ತಾನೆ. ಅಲ್ಲಿನ ಋತ್ವಿಜರು ಹಾಡುತ್ತಿರುವ ಸಾಮದ ಮೂರು ಭಾಗಗಳಿಗೆ ದೇವತೆ ಯಾರು ಎಂಬುದು ಹಾಡುವವರಿಗೇ ಗೊತ್ತಿಲ್ಲ. ಪ್ರಸ್ತಾವಕ್ಕೆ ಪ್ರಾಣ, ಉದ್ಗೀಥಕ್ಕೆ ಸೂರ್ಯ, ಪ್ರತಿಹಾರಕ್ಕೆ ಅನ್ನ ಎಂದು ಉಷಸ್ತಿ ಹೇಳಿಕೊಡುತ್ತಾನೆ. ಪ್ರಾಣಿಗಳೆಲ್ಲ ಅನ್ನವನ್ನು ತೆಗೆದುಕೊಂಡೇ ಬದುಕುತ್ತವೆ ಎಂದು ವಿವರಿಸುತ್ತಾನೆ. ಅರಮನೆಯ ಪುರೋಹಿತರಿಗೆ ತಿಳಿಯದ ದೇವತೆಯ ಹೆಸರು ಆ ಬೆಳಗ್ಗೆ ಮಾವುತನ ಉಳಿಕೆ ಉಂಡವನಿಗೆ ತಿಳಿದಿತ್ತು. ಅನ್ನ ದೇವತೆ ಎಂದು ಓದಿ ಹೇಳುವುದು ಬೇರೆ, ಹಾಗೆ ಉಂಡು ಬಂದು ಹೇಳುವುದು ಬೇರೆ.

ಈ ಕತೆಯನ್ನು ನನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಾರದು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಇದನ್ನೇ ಆಧರಿಸಿದ ಸೂತ್ರವೊಂದು ಉಂಟು. ಪ್ರಾಣ ಹೋಗುವ ಹೊತ್ತಿನಲ್ಲಿ ಮಾತ್ರ ಯಾವ ಅನ್ನಕ್ಕಾದರೂ ಅನುಮತಿ ಎಂದು ಅದರ ತೀರ್ಮಾನ. ಬೋಳಾರದಿಂದ ರಿಕ್ಷಾ ಹಿಡಿದು ಹೋಗಿ ಘೀ ರೋಸ್ಟ್ ತರಿಸಿ ಅರ್ಧ ಬಿಟ್ಟವರಿಗೆ ಪ್ರಾಣಸಂಕಟವೇನೂ ಇರುವುದಿಲ್ಲ. ಸೂತ್ರದ ಕಣ್ಣಿನಲ್ಲಿ ನಮ್ಮ ಪೊಟ್ಟಣ ಮಾವುತನ ನೀರಿನ ಸಾಲಿಗೆ ಸೇರುತ್ತದೆ, ಕಾಳಿನ ಸಾಲಿಗಲ್ಲ. ಶಾಸ್ತ್ರ ಬಲ್ಲವರು ಹೀಗೆ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಆ ಸೂತ್ರ ಉಣ್ಣುವವನ ಶುದ್ಧಿಯನ್ನು ಮಾತ್ರ ನೋಡುತ್ತದೆ. ಉಣ್ಣದೆ ಬಿಟ್ಟ ಅನ್ನ ಆಮೇಲೆ ಏನಾಯಿತು ಎಂದು ಅದು ಕೇಳುವುದಿಲ್ಲ. ಅದನ್ನು ಕೇಳುವುದು ತೈತ್ತಿರೀಯ ಉಪನಿಷತ್ತು. ಅನ್ನವನ್ನು ಹಳಿಯಬೇಡ, ಅನ್ನವನ್ನು ತಳ್ಳಬೇಡ ಎಂದು ಭೃಗುವಲ್ಲಿ ವ್ರತದ ಹಾಗೆ ಹೇಳುತ್ತದೆ. ಎರಡೂ ಶ್ರುತಿಯ ಕಡೆಯಿಂದ ಬಂದ ಮಾತೇ. ನಾನು ಎರಡನೆಯದನ್ನು ಹಿಡಿದಿದ್ದೇನೆ.

ಯಾಕೆಂದರೆ ತಳ್ಳಿದ ಅನ್ನ ಎಲ್ಲಿಗೆ ಹೋಗುತ್ತದೆಂದು ಮಂಗಳೂರಿನವರು ಕಣ್ಣಾರೆ ಕಂಡಿದ್ದಾರೆ. ಹೋಟೆಲಿನ ಡ್ರಮ್ಮಿನಲ್ಲಿ ತುಂಬಿದ್ದು ಸ್ವಲ್ಪ ಹಂದಿ ಸಾಕುವವರಿಗೆ ಹೋಗುತ್ತದೆ, ಅದು ಒಳ್ಳೆಯದೇ. ಊರಿನ ಕಸದ ಜೊತೆ ಬೆರೆತದ್ದು ಪಚ್ಚನಾಡಿಗೆ ಹೋಗುತ್ತದೆ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಎಂಬ ಊರಿನ ಮೇಲೆ ಇಳಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೋದವು, ಬಾವಿಗಳು ಕೆಟ್ಟವು, ಹಲವು ಕುಟುಂಬಗಳು ಮನೆ ಬಿಟ್ಟು ಹೊರಟವು. ಅಲ್ಲಿ ಬಂದು ಬಿದ್ದದ್ದರಲ್ಲಿ ನಮ್ಮ ನಮ್ಮ ಮನೆಯ ಮದುವೆ, ಹುಟ್ಟುಹಬ್ಬದ ಅನ್ನವೂ ಇತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ ಲೋಕದಲ್ಲಿ ಪೋಲಾದ ಆಹಾರ ಸುಮಾ‌ರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳದ್ದು, ಹೋಟೆಲು ಮುಂತಾದವುಗಳದ್ದು ಇಪ್ಪತ್ತೆಂಟು. ಈ ಲೆಕ್ಕ ನನ್ನಂಥವರಿಗೆ ಎಚ್ಚರಿಕೆಯೂ ಹೌದು. ಕಟ್ಟಿಸಿಕೊಂಡು ಬಂದು, ಫ್ರಿಜ್ಜಿನ ಮೂಲೆಯಲ್ಲಿಟ್ಟು, ಮೂರನೆಯ ದಿನ ಮೂಸಿ ನೋಡಿ ಬಿಸಾಡಿದರೆ ಹೋಟೆಲಿನ ಪಾಪವನ್ನು ಮನೆಗೆ ಹೊತ್ತು ತಂದ ಹಾಗಾಗುತ್ತದೆ, ಅಷ್ಟೆ.

ನೆರೆಮನೆಯ ಬಾಯಮ್ಮನಿಗೆ ಈ ವಿಷಯದಲ್ಲಿ ಗೊಂದಲವೇ ಇಲ್ಲ. ಅವರು ಊಟಕ್ಕೆ ಹೊರಡುವಾಗಲೇ ಚೀಲದಲ್ಲಿ ಸ್ಟೀಲಿನ ಡಬ್ಬಿ ಇರುತ್ತದೆ. ನಾನು ಕೇಳಿದ್ದಕ್ಕೆ ಯೋವಾನ್ನನ ಸುವಾರ್ತೆಯ ಮಾತು ತೆಗೆದರು. ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಮಂದಿಗೆ ಉಣಿಸಿದ ಮೇಲೆ ಯೇಸು ಶಿಷ್ಯರಿಗೆ ಹೇಳಿದ್ದು, ಉಳಿದ ತುಂಡುಗಳನ್ನು ಕೂಡಿಸಿರಿ, ಯಾವುದೂ ಹಾಳಾಗಬಾರದು ಎಂದು. ಹನ್ನೆರಡು ಬುಟ್ಟಿ ತುಂಬಿತು. ಪವಾಡ ನಾಲ್ಕೂ ಸುವಾರ್ತೆಗಳಲ್ಲಿ ಉಂಟು, ಕೂಡಿಸಿರಿ ಎಂಬ ಅಪ್ಪಣೆ ಯೋವಾನ್ನನಲ್ಲಿ ಮಾತ್ರ. ಐದರಿಂದ ಸಾವಿರ ಮಾಡಬಲ್ಲವನಿಗೆ ತುಂಡುಗಳ ಚಿಂತೆ ಯಾಕೆ ಬೇಕಿತ್ತು ಎಂದು ನಾನು ಕೇಳಿದೆ. "ಅದಕ್ಕೇ ಟೀಚರ್" ಅಂದರು ಬಾಯಮ್ಮ, "ಇಲ್ಲದವರು ಹೆಕ್ಕಿದರೆ ಅದು ಹಸಿವು. ಇದ್ದವರೂ ಹೆಕ್ಕಬೇಕು ಅಂತ ತೋರಿಸಿದ್ದು." ಅಮ್ಮನ ನೆನಪಿನ ಆ ಗುಂಡಿಯನ್ನು ಕೇಳಿದ ಮೇಲೆ ಈ ಮಾತಿನ ಬೆಲೆ ನನಗೆ ಹೆಚ್ಚಾಗಿದೆ. ನನ್ನ ಜೊತೆ ಕೆಲಸ ಮಾಡಿದ ಬ್ಯಾರಿ ಟೀಚರೊಬ್ಬರ ಮನೆಯಲ್ಲಿ ನಾಲ್ಕಾರು ಮಂದಿ ಒಂದೇ ದೊಡ್ಡ ತಟ್ಟೆಗೆ ಕೈಹಾಕಿ ಉಂಡದ್ದನ್ನೂ ನೋಡಿದ್ದೇನೆ. ಅಲ್ಲಿ ಎಂಜಲೆಂಬ ಗೆರೆಯೇ ಇರಲಿಲ್ಲ. ಬಿದ್ದ ತುತ್ತನ್ನು ಧೂಳು ಒರಸಿ ತಿನ್ನಬೇಕು, ಸೈತಾನನಿಗೆ ಬಿಡಬಾರದು ಎಂದು ಅವರಲ್ಲಿ ಪ್ರವಾದಿಗಳ ಮಾತು. ಫ್ರಾನ್ಸಿನಲ್ಲಿ 2021ರ ಜುಲೈ 1ರಿಂದ ಗಿರಾಕಿ ಕೇಳಿದರೆ ಉಳಿದದ್ದನ್ನು ಹೋಟೆಲಿನವರು ಕಟ್ಟಿಕೊಡಲೇಬೇಕೆಂದು ಕಾನೂನು ಮಾಡಿದ್ದಾರೆ. ನಮ್ಮ ಹೋಟೆಲುಗಳಲ್ಲಿ ಕಾನೂನಿಲ್ಲದೆಯೂ ಕಟ್ಟಿಕೊಡುತ್ತಾರೆ. ಕೇಳುವ ಬಾಯಿಗೆ ಮಾತ್ರ ಧೈರ್ಯ ಬೇಕು.

ಹಾಗಾದರೆ ಕ್ರಮ ಯಾವುದು? ನಾನು ನಡೆಸಿಕೊಂಡು ಬಂದದ್ದನ್ನು ಹೇಳುತ್ತೇನೆ. ನಮಗೆ ಎಂದು ಹೇಳಿಯೇ ಕೇಳಬೇಕು, ನಾಯಿಯ ಹೆಸರು ಬೇಡ. ಸುಮ್ಮನೆ ಹೇಳಿದ ಆ ನಾಯಿ ಉಳಿದದ್ದನ್ನು ತಿನ್ನುವವರನ್ನೆಲ್ಲ ನಾಯಿಯ ಸಾಲಿಗೆ ಸೇರಿಸುತ್ತದೆ. ಬಟ್ಟಲಿನಲ್ಲಿ ಬಂದ ಪದಾರ್ಥವನ್ನು ಮೊದಲೇ ಚಮಚದಿಂದ ಬಡಿಸಿಕೊಂಡರೆ ಬಟ್ಟಲಿನದ್ದು ಚೊಕ್ಕವಾಗಿ ಉಳಿಯುತ್ತದೆ. ತಟ್ಟೆಯಲ್ಲಿ ನಾವು ಕಲಸಿ ಬಿಟ್ಟದ್ದನ್ನು ಕಟ್ಟಲು ಸಪ್ಲೈಯರನಿಗೆ ಕೊಡಬಾರದು, ನಾವೇ ಡಬ್ಬಿಗೆ ಹಾಕಿಕೊಳ್ಳಬೇಕು. ಅವನೂ ಯಾರದೋ ಮನೆಯ ಮಗ. ಇನ್ನೊಬ್ಬರು ಬಿಲ್ಲು ಕೊಡುವ ಊಟವಾದರೆ ಅವರನ್ನು ಕೇಳದೆ ಕಟ್ಟಿಸಬಾರದು. ಬೇಕಾದಷ್ಟು ಬಡಿಸುವ ಮೀಲ್ಸಿನಲ್ಲೂ ಬಫೆಯಲ್ಲೂ ಕಟ್ಟಿಸುವ ಪ್ರಶ್ನೆಯೇ ಇಲ್ಲ. ಅಲ್ಲಿ ನಾವು ಕೊಂಡದ್ದು ಹೊಟ್ಟೆಗೆ ಹಿಡಿಸುವಷ್ಟನ್ನು ಮಾತ್ರ. ನಮ್ಮ ಸೆಕೆಗೆ ಮೀನು, ಅನ್ನ ಬೇಗ ಹಳಸುತ್ತದೆ. ಮನೆ ತಲುಪಿದ ಕೂಡಲೇ ಫ್ರಿಜ್ಜಿಗೆ, ಮರುದಿನ ಚೆನ್ನಾಗಿ ಕುದಿಸಿ ಊಟಕ್ಕೆ.

ಇವೆಲ್ಲ ಸುಲಭದ ಮಾತು. ಕಷ್ಟದ್ದು, ಕಟ್ಟಿಸಿದ್ದನ್ನು ಮನೆಕೆಲಸಕ್ಕೆ ಬರುವವಳಿಗೋ ಫ್ಲ್ಯಾಟಿನ ವಾಚ್‌ಮನ್ನನಿಗೋ ಕೊಡುವುದು. ಹೊಳೆಯ ಬದಿಯ ಹೊಸ ಕಟ್ಟಡಗಳಲ್ಲಿ ಇದನ್ನು ದಾನವೆಂದೇ ತಿಳಿದವರಿದ್ದಾರೆ. ಅವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ನಾನು ಉಣ್ಣಲು ಹಿಂಜರಿಯುವ ಅನ್ನವನ್ನು ಇನ್ನೊಬ್ಬಳ ಕೈಗೆ ಕೊಟ್ಟರೆ ಅಮ್ಮ ಕಂಡ ಆ ಗುಂಡಿ ಇನ್ನೂ ಮುಚ್ಚಿಲ್ಲ ಎಂದರ್ಥ. ಬೇರೆಯವರಿಗೆ ಕೊಡಬೇಕೆಂದು ಮನಸ್ಸಾದರೆ ಒಂದು ಹೊಸ ಪಾರ್ಸೆಲ್ ಹೇಳಬಹುದು. ಅಷ್ಟು ದುಡ್ಡಿಲ್ಲ, ಬಟ್ಟಲಿನದ್ದು ಚೊಕ್ಕವಾಗಿಯೇ ಉಂಟು ಎಂದಾದರೆ ಮಾವುತನ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇದು ನಾವು ಉಂಡು ಉಳಿದದ್ದು, ಬೇಕಾ ಎಂದು ಕೇಳಬೇಕು, ಬೇಡವೆಂದರೆ ಮುಖ ಸಣ್ಣ ಮಾಡದೆ ತಾನೇ ಉಣ್ಣಬೇಕು. ಬೇಡ ಎನ್ನುವ ಸ್ವಾತಂತ್ರ್ಯ ಕೆಲಸ ಮಾಡುವವರಿಗೆ ನಿಜವಾಗಿ ಉಂಟೋ ಎಂಬ ಅನುಮಾನ ನನಗೆ ಇದ್ದೇ ಇದೆ. ಉಷಸ್ತಿ ಮಾವುತನ ಮನೆಯ ಆಳಾಗಿರಲಿಲ್ಲ, ಆದ್ದರಿಂದ ನೀರನ್ನು ಬೇಡವೆನ್ನಲು ಅವನಿಗೆ ಬಾಯಿ ಬಂತು. ಹಾಗಾಗಿ ನಮ್ಮ ಮನೆಯಲ್ಲಿ ಕಟ್ಟಿಸಿ ತಂದದ್ದು ನಮ್ಮ ತಟ್ಟೆ ದಾಟಿ ಹೋಗುವುದಿಲ್ಲ.

ಉಷಸ್ತಿಯ ಕತೆಯನ್ನು ಅಮ್ಮನಿಗೆ ತುಳುವಿನಲ್ಲಿ ಹೇಳಿದೆ. ಮಲ್ಲಿಗೆಯ ನೂಲು ಬಿಡದೆ ಕೊನೆಯವರೆಗೂ ಕೇಳಿದಳು. ಯಜ್ಞ, ದೇವತೆ, ರಾಜ ಯಾವುದೂ ಅವಳಿಗೆ ತಾಗಲಿಲ್ಲ. "ತಂದುಕೊಟ್ಟಾಗ ಹೆಂಡತಿಗೆ ಹೇಳಿದನಾ, ಇದು ಬೇರೆಯವನು ಉಂಡು ಮಿಕ್ಕಿದ್ದು ಅಂತ?" ಎಂದು ಕೇಳಿದಳು. ನಾನು ಒಳಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ತಂದುಕೊಟ್ಟ, ತೆಗೆದಿಟ್ಟಳು ಎಂದಷ್ಟೇ ಉಂಟು. ಹೇಳಿದ್ದೂ ಇಲ್ಲ, ಹೇಳಲಿಲ್ಲವೆಂದೂ ಇಲ್ಲ. "ನೋಡು" ಅಂದಳು ಅಮ್ಮ, "ಬರೆದವರಿಗೆ ಅದು ಬೇಕಾಗಲಿಲ್ಲ."

ಅವಳನ್ನು ಒಪ್ಪಿಸುವ ಪ್ರಯತ್ನ ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಈಗ ಮಗಳು ಪಾರ್ಸೆಲ್ ಕಟ್ಟಿಸುತ್ತಾಳೆ, ಅಮ್ಮ ತಡೆಯುವುದಿಲ್ಲ, ಆದರೆ ಅದರಲ್ಲಿ ಅವಳು ಉಣ್ಣುವುದೂ ಇಲ್ಲ. ಆದ್ದರಿಂದ ಹೋಟೆಲಿಗೆ ಹೋದಾಗ ಅವಳ ಬಂಗುಡೆಯನ್ನು ಬೇರೆಯೇ ಪ್ಲೇಟಿನಲ್ಲಿ ತರಿಸುತ್ತೇವೆ. ಈಚೆಗೆ ಅವಳಿಗೆ ಪೂರ್ತಿ ತಿನ್ನಲು ಆಗುವುದಿಲ್ಲ. ಅರ್ಧ ಮೀನು ಉಳಿದರೆ ಪ್ಲೇಟನ್ನು ನನ್ನ ಕಡೆಗೆ ಸರಿಸುತ್ತಾಳೆ, ನಾನು ತಿಂದು ಮುಗಿಸುತ್ತೇನೆ.